ಜೋಳದ ಸೀಮೆಯ ಗೋಧಿ ಬಣ್ಣ

ಮಾನ್ವಿಯ ನಮ್ಮ ಮಾಸ್ತರರ ಷೋಕೇಸಿನಲ್ಲಿ ಮೊನ್ನೆ ಮೊನ್ನೆಯವರೆಗೆ ಸರ್ವಧರ್ಮ ಶಾಂತಿ ನೆಲೆಸಿತ್ತು. ಪ್ಲಾಸ್ಟಿಕ್ಕಿನ ತಾಜಮಹಲು, ಮಂತ್ರಾಲಯದ ರಾಯರ ಫೋಟೊ, ನಿವೃತ್ತಿಯ ದಿನ ಶಾಲೆಯವರು ಕೊಟ್ಟ ನಿಂತುಹೋದ ಗಡಿಯಾರ, ಕತ್ತು ಅಲ್ಲಾಡಿಸುವ ತಂಜಾವೂರು ಗೊಂಬೆ, ಮದುವೆಯಲ್ಲಿ ಬಂದು ಇಂದಿಗೂ ಯಾರ ತುಟಿಗೂ ತಾಗದ ಗಾಜಿನ ಲೋಟಗಳು. ಮಗಳ ಬಾಣಂತನಕ್ಕೆಂದು ಗಂಡಹೆಂಡತಿ ಅಮೆರಿಕಕ್ಕೆ ಹೋಗಿ ಬಂದ ಮೇಲೆ ಈ ಸಂಸಾರಕ್ಕೆ ಹೊಸಬಳೊಬ್ಬಳು ಸೇರಿದಳು. ಕರೀ ಮೈ, ಗುಂಗುರು ಕೂದಲು, ಹಳದಿ ಲಂಗ, ಕಾಲಲ್ಲಿ ಬೂಟು. ಡಲ್ಲಾಸಿನ ಹಿರಿಯ ಮೊಮ್ಮಗಳು ಅಂಗಡಿಯ ಸಾಲಿನಲ್ಲಿ ತಾನೇ ಹುಡುಕಿ ಅಜ್ಜನಿಗೆಂದು ಆರಿಸಿದ ಉಡುಗೊರೆ. ಯಾಕಮ್ಮ ಇದೇ ಬೇಕಾಯಿತು ಎಂದರೆ, "ಇದು ಅಜ್ಜನ ಥರಾನೇ ಇದೆಯಲ್ಲ" ಅಂದಿತಂತೆ ಕೂಸು.

ಮಾಸ್ತರರು ಹಿಗ್ಗಿದರು. ಅವರ ಮನೆಯವರು ಮಾತ್ರ ಆ ಊರಿನಿಂದ ಈ ಊರು ಸೇರುವವರೆಗೂ ವಿಮಾನದಲ್ಲಿ ಮುಖ ಊದಿಸಿಕೊಂಡೇ ಇದ್ದರು. "ನೀವೇನು ಕರ್ರಗ ಅದೀರೇನು? ಬಿಸಲಾಗ ಅಡ್ಡಾಡಿ ಬಣ್ಣ ಇಳದದ, ಅಷ್ಟ." ಮಾನ್ವಿಯ ಬಿಸಿಲು ಕಂಡವರು ಈ ವಾದವನ್ನು ತಳ್ಳಿಹಾಕುವಂತಿಲ್ಲ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಕಪ್ಪಗಿರುವವರು ಒಬ್ಬರೂ ಇಲ್ಲ. ಬಿಸಿಲಿಗೆ ಹೋದವರಿದ್ದಾರೆ, ಗದ್ದೆಗೆ ಹೋದವರಿದ್ದಾರೆ, ಬೈಕಿನ ಮೇಲೆ ಸಿಂಧನೂರಿಗೆ ಹೋಗಿ ಬಂದವರಿದ್ದಾರೆ. ಹುಟ್ಟಿದಾಗ ಎಲ್ಲರೂ ಕೆಂಪಗೇ ಇದ್ದರು. ಅದಕ್ಕೆ ಆಯಾ ತಾಯಂದಿರ ಸಾಕ್ಷಿ ಇದೆ, ಆಯಾ ಅತ್ತೆಯರ ಪಾಟೀಸವಾಲೂ ಇದೆ.

ಮೊದಲ ಆಕ್ಷೇಪ ಎದುರು ಮನೆಯಿಂದ ಬಂತು. ಆ ಮನೆಯ ಸೊಸೆ ಐದು ತಿಂಗಳ ಬಸುರಿ. ಅತ್ತೆ ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ಬಂದು ದನಿ ತಗ್ಗಿಸಿದರು. "ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಹುಡುಗಿ ದಿನಾ ನಿಮ್ಮನಿಗೆ ಬಂದು ಹೋಗಿ ಮಾಡ್ತಾಳ. ಇಂಥಾ ಹೊತ್ತಿನ್ಯಾಗ ಕಣ್ಣಿಗಿ ಇಂಥಾದ್ದು ಬೀಳಬಾರದ್ರಿ." ಕಣ್ಣಿಗೆ ಎಂಥಾದ್ದು ಬೀಳಬೇಕೋ ಅದರ ಏರ್ಪಾಡನ್ನು ಅವರು ಆಗಲೇ ಮಾಡಿದ್ದರು. ಸೊಸೆಯ ಮಂಚದೆದುರು ಗೋಡೆಯ ಮೇಲೆ ಒಂದು ದೊಡ್ಡ ಫೋಟೊ: ಬಂಗಾರದ ಕೂದಲು, ನೀಲಿ ಕಣ್ಣು, ಎಲ್ಲಿಯದೋ ಚಳಿ ದೇಶದ ದುಂಡನೆಯ ಕೂಸು. ತಂದೆ ಮಾನ್ವಿಯವನು, ತಾಯಿ ಲಿಂಗಸುಗೂರಿನವಳು. ಎರಡೂ ವಂಶದಲ್ಲಿ ಯಾರೂ ಕಾಣದ ಆ ನೀಲಿ ಕಣ್ಣು ನಾಳೆ ನಿಜಕ್ಕೂ ಹುಟ್ಟಿ ಬಂದರೆ ಮೊದಲು ಗಾಬರಿಯಾಗಬೇಕಾದವನು ಆ ಮನೆಯ ಮಗ. ಇದನ್ನು ಯಾರೂ ಯೋಚಿಸಿದಂತಿಲ್ಲ. ರಾತ್ರಿ ಕೇಸರಿ ಹಾಕಿದ ಹಾಲು ಬೇರೆ. ಕೇಸರಿಯ ಬಣ್ಣ ಲೋಟದಿಂದ ಗರ್ಭಕ್ಕೆ ಹೋಗುವ ದಾರಿಯನ್ನು ವೈದ್ಯರಿನ್ನೂ ಕಂಡುಹಿಡಿದಿಲ್ಲ, ಅಂಗಡಿಯವರು ಎಂದೋ ಕಂಡುಹಿಡಿದು ಗ್ರಾಂ ಲೆಕ್ಕದಲ್ಲಿ ಮಾರುತ್ತಿದ್ದಾರೆ.

ಎರಡನೆಯ ಆಕ್ಷೇಪ ಬೆಂಗಳೂರಿನಿಂದ, ಯುಗಾದಿ ರಜಕ್ಕೆ ಬಂದ ತಂಗಿಯ ಮಗನ ಬಾಯಲ್ಲಿ ಬಂತು. ಅವನು ಹೊರದೇಶದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಇಂಥ ವಿಷಯಗಳ ಬಗ್ಗೆ ಊಟದ ಹೊತ್ತಿನಲ್ಲಿ ಕಡ್ಡಾಯ ತರಬೇತಿ ಇರುತ್ತದಂತೆ. "ಮಾಮಾ, ಇದು ಭಾಳ ಸೆನ್ಸಿಟಿವ್ ಮ್ಯಾಟರು. ಯಾರಾದ್ರೂ ಫೋಟೊ ತೆಗದು ಹಾಕಿದ್ರ ಮುಗೀತು." ಆಮೇಲೆ ಗಾಲಿವಾಗ್ ಗೊಂಬೆಯ ಪುರಾಣ ಬಿಚ್ಚಿದ. 1895ರಲ್ಲಿ ಫ್ಲಾರೆನ್ಸ್ ಕೇಟ್ ಅಪ್ಟನ್ ಎಂಬಾಕೆ ಚಿತ್ರ ಬರೆದ ಮಕ್ಕಳ ಪುಸ್ತಕದಿಂದ ಹುಟ್ಟಿದ ಇದ್ದಿಲ ಮುಖ, ಗುಡ್ಡೆಗಣ್ಣು, ಊದಿದ ಕೆಂಪು ತುಟಿ. ಇಂಗ್ಲೆಂಡಿನ ರಾಬರ್ಟ್‌ಸನ್ಸ್ ಜಾಮ್ ಕಂಪನಿ 1910ರಿಂದ ತನ್ನ ಗುರುತಾಗಿ ಮೆರೆಸಿದ್ದು. ಎಷ್ಟು ಉಗಿಸಿಕೊಂಡರೂ ಬಿಡದೆ ಕೊನೆಗೆ 2001ರಲ್ಲಿ ಕೈಬಿಡುವುದಾಗಿ ಹೇಳಿದ್ದು. ಹುಡುಗ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದು ಮನುಷ್ಯರನ್ನು ನಗೆಪಾಟಲು ಮಾಡಲೆಂದೇ ಹೊಲಿದ ಗೊಂಬೆ.

ಆದರೆ ಷೋಕೇಸಿನಲ್ಲಿ ಕೂತವಳು ಗಾಲಿವಾಗ್ ಅಲ್ಲ. ಅವಳ ಮೂಗು ಮೂಗಿನಂತಿದೆ, ತುಟಿ ತುಟಿಯಂತಿದೆ. ಇಂಥ ಗೊಂಬೆಯೊಂದು ಅಂಗಡಿಯ ಹಲಗೆಗೆ ಬರಲೆಂದು ಅಮೆರಿಕದ ಕರಿಯ ಜನ ತಲೆಮಾರುಗಟ್ಟಲೆ ಗುದ್ದಾಡಿದ್ದಾರೆ. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಗಂಡಹೆಂಡತಿ, ಇಬ್ಬರೂ ಕರಿಯ ಮನಶ್ಶಾಸ್ತ್ರಜ್ಞರು, 1940ರ ಆಸುಪಾಸಿನಲ್ಲಿ 253 ಕರಿಯ ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಚಂದ, ಯಾವುದು ಕೆಟ್ಟದ್ದು ಎಂದು ಕೇಳಿದ್ದರು. ಮೂರರಲ್ಲಿ ಎರಡು ಪಾಲು ಮಕ್ಕಳು ಆಡಲು ಬಿಳಿಯದನ್ನೇ ಬೇಡಿದವು. ಇದರಲ್ಲಿ ನಿನ್ನ ಹಾಗಿರುವುದು ಯಾವುದು ಎಂದು ಕೊನೆಗೆ ಕೇಳಿದಾಗ ಕೆಲವು ಮಕ್ಕಳು ಅತ್ತು ಹೊರಗೆ ಓಡಿದವು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕರಿಯ, ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದು ಎಂದು ತೀರ್ಪು ಕೊಡುವಾಗ ಈ ಗೊಂಬೆಗಳ ಸಾಕ್ಷಿಯೂ ಕಡತದಲ್ಲಿತ್ತು. ಬಾರ್ಬಿ ಎಂಬ ಜಗತ್ಸುಂದರಿ 1959ರಲ್ಲಿ ಹುಟ್ಟಿದರೂ ಅದೇ ಹೆಸರಿನ ಕಪ್ಪು ಬಾರ್ಬಿ ಬರಲು 1980 ಆಗಬೇಕಾಯಿತು. ಅವಳನ್ನು ರೂಪಿಸಿದ್ದು ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್ ಎಂಬ ಕರಿಯ ಹೆಣ್ಣುಮಗಳು. ಯಾವುದು ಅವಮಾನದ ಗೊಂಬೆ, ಯಾವುದು ಮಾನದ ಗೊಂಬೆ ಎಂದು ತಿಳಿಯಬೇಕಾದರೆ ಅದರ ಮುಖ ನೋಡಬೇಕು. ನಮ್ಮ ಹುಡುಗ ಬಣ್ಣ ನೋಡಿದ.

ಕಡೆಗೆ ದೃಷ್ಟಿಗೆ ಹೆದರಿದ ಎದುರು ಮನೆಯಾಕೆಯೂ ವರ್ಣಭೇದಕ್ಕೆ ಹೆದರಿದ ತಂಗಿಮಗನೂ ಬೇರೆ ಬೇರೆ ದಾರಿ ಹಿಡಿದು ಒಂದೇ ಬಾಗಿಲಿಗೆ ಬಂದು ನಿಂತರು: ಅದನ್ನು ಅಲಮಾರಿನೊಳಗೆ ಇಡಿ. ಒಬ್ಬರದು ಮಡಿವಂತಿಕೆ, ಇನ್ನೊಬ್ಬರದು ಸೂಕ್ಷ್ಮ ಸಂವೇದನೆ. ಅಲಮಾರಿನ ಕತ್ತಲೆಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಂದಹಾಗೆ ಈ ಸೂಕ್ಷ್ಮ ಸಂವೇದನೆಯ ಹುಡುಗನಿಗೆ ಹೆಣ್ಣು ನೋಡುತ್ತಿದ್ದಾರೆ. ಬೇಡಿಕೆಯ ಪಟ್ಟಿಯಲ್ಲಿ ಮೊದಲನೆಯದು ಬಿಇ ಆಗಿರಬೇಕು, ಎರಡನೆಯದು ಗೋಧಿ ಬಣ್ಣ. ನಮ್ಮದು ಜೋಳದ ಸೀಮೆ. ಕಾಲುವೆ ಬಂದಮೇಲೆ ಭತ್ತದ ಸೀಮೆ. ಗೋಧಿ ಇಲ್ಲಿ ಹೊಲದಲ್ಲಿ ಕಾಣುವುದಕ್ಕಿಂತ ಲಗ್ನಪತ್ರಿಕೆಯ ಹಿಂದಿನ ಮಾತುಕತೆಯಲ್ಲಿ ಕಾಣುವುದೇ ಹೆಚ್ಚು. ಮೂರು ಹೊತ್ತು ರೊಟ್ಟಿ ತಿಂದು ಬೆಳೆದ ಹುಡುಗಿ ಗೋಧಿ ಬಣ್ಣಕ್ಕೆ ಹೇಗೆ ಬರಬೇಕೆಂದು ಕೇಳಬಾರದು. ಶಾದಿ ಡಾಟ್ ಕಾಮ್‌ನವರು 2020ರ ಜೂನಿನಲ್ಲಿ ಮೈಬಣ್ಣದ ಮೇಲೆ ವಧು ಹುಡುಕುವ ಗುಂಡಿಯನ್ನು ಕಿತ್ತುಹಾಕಿದರು. ರಾಯಚೂರಿನ ಬ್ರೋಕರರಿಗೆ ಕಿತ್ತುಹಾಕಲು ಗುಂಡಿಯೇ ಇಲ್ಲ, ಫೋಟೊ ಕೈಗಿಡುವಾಗಲೇ ಅವರು ಹೇಳಿಬಿಡುತ್ತಾರೆ: "ಹುಡುಗಿ ಲಕ್ಷಣ ಅದಾಳ್ರಿ, ಬಣ್ಣ ಸ್ವಲ್ಪ ಸುಮಾರು. ಎರಡು ತೊಲಿ ಹೆಚ್ಚಿಗಿ ಹಾಕ್ತಾರಂತ." ಬಣ್ಣಕ್ಕೂ ಬಂಗಾರಕ್ಕೂ ಇರುವ ವಿನಿಮಯ ದರ ಯಾವ ಪತ್ರಿಕೆಯ ವಾಣಿಜ್ಯ ಪುಟದಲ್ಲೂ ಬರುವುದಿಲ್ಲ, ಎಲ್ಲರಿಗೂ ಬಾಯಿಪಾಠ.

ಅದೇ ವರ್ಷದ ಇನ್ನೊಂದು ಕ್ರಾಂತಿ ಕಿರಾಣಿ ಅಂಗಡಿಗೆ ಬಂತು. 1975ರಿಂದ ಈ ದೇಶದ ಹೆಣ್ಣುಮಕ್ಕಳ ಕೆನ್ನೆಯ ಮೇಲೆ ರಾಜ್ಯಭಾರ ಮಾಡಿದ ಫೇರ್ ಅಂಡ್ ಲವ್ಲಿ, ಮಿನಿಯಾಪೊಲಿಸ್ ಎಂಬ ಊರಿನಲ್ಲಿ ಪೊಲೀಸಿನವನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕರಿಯನ ಕುತ್ತಿಗೆಯ ಮೇಲೆ ಮಂಡಿಯೂರಿ ಕೊಂದ ಮೇಲೆ, ಪಶ್ಚಾತ್ತಾಪದಿಂದ ಗ್ಲೋ ಅಂಡ್ ಲವ್ಲಿ ಆಯಿತು. ನಲವತ್ತೈದು ವರ್ಷ ನಮ್ಮ ಹುಡುಗಿಯರು ಅತ್ತದ್ದು ಕಂಪನಿಗೆ ಕೇಳಿಸಿರಲಿಲ್ಲ. ಟ್ಯೂಬಿನ ಮೇಲೆ ಹೆಸರು ಬದಲಾಯಿತು. ಅಂಗಡಿಯವನು ಬದಲಾಗಲಿಲ್ಲ, ಗಿರಾಕಿ ಬದಲಾಗಲಿಲ್ಲ. "ಫೇರ್ ಲವ್ಲಿ ಸಣ್ಣದು ಒಂದು ಕೊಡ್ರಿ" ಅಂದರೆ ಈಗಲೂ ಸರಿಯಾದ ಟ್ಯೂಬೇ ಕೈಗೆ ಬರುತ್ತದೆ.

ಎಲ್ಲರೂ ಬೇಡ ಅಂದದ್ದಕ್ಕೋ ಏನೋ, ಮಾಸ್ತರರಿಗೆ ಹಟ ಹತ್ತಿತು. ಒಂದು ಗೊಂಬೆ ಇದ್ದದ್ದು ಸಂಗ್ರಹವಾಗಬೇಕು. ನಮ್ಮ ಸೀಮೆಯ ಕಪ್ಪು ಗೊಂಬೆಗಳನ್ನೆಲ್ಲ ಕೂಡಿಸಬೇಕು ಎಂದು ಹೊರಟರು. ರಾಯಚೂರಿನ ಆಟಿಕೆ ಅಂಗಡಿಯಲ್ಲಿ ನಾನೂ ಜೊತೆಗಿದ್ದೆ.

"ಕರೇ ಗೊಂಬಿ ಅದಾವೇನಪಾ?"

"ಕಾರಿನ ಗೊಂಬಿ ಏನ್ರಿ?"

"ಅಲ್ಲೋ, ಕರ್ರಗಿರೋ ಗೊಂಬಿ. ನಮ್ಮ ನಿಮ್ಮಂಗ."

ಹುಡುಗ ಒಮ್ಮೆ ತನ್ನ ಕೈ ನೋಡಿಕೊಂಡ, ಒಮ್ಮೆ ಮಾಸ್ತರರನ್ನು ನೋಡಿದ. ಅವನ ಹಿಂದೆ ನೆಲದಿಂದ ಮಾಡಿನವರೆಗೆ ಗುಲಾಬಿ ಕೆನ್ನೆಯ ಮೇಮುಗಳು ಪೆಟ್ಟಿಗೆಯೊಳಗೆ ನಗುತ್ತಿದ್ದವು. "ಅಂಥಾವು ಯಾರು ಒಯ್ತಾರ್ರಿ ಸಾರ್? ಬರಂಗಿಲ್ಲ. ಬಂದ್ರೂ ಹೋಗಂಗಿಲ್ಲ. ಬೇಕಂದ್ರ ಕರೇ ಕರಡಿ ಐತಿ, ಕೊಡ್ಲೇನು?" ಜಿಲ್ಲಾ ಕೇಂದ್ರದ ವ್ಯಾಪಾರಿ ಸುಳ್ಳು ಹೇಳಲಿಲ್ಲ. ಕರಡಿಯ ಬಗ್ಗೆ ನಮ್ಮ ಜನರಿಗೆ ಯಾವ ಪೂರ್ವಗ್ರಹವೂ ಇಲ್ಲ.

ಹಾಗಂತ ಈ ನೆಲಕ್ಕೆ ಗೊಂಬೆ ಹೊಸದೇ? 1997ರವರೆಗೆ ನಮ್ಮ ಜಿಲ್ಲೆಯ ಹೊಟ್ಟೆಯೊಳಗೇ ಇದ್ದ ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಮೆತ್ತಿ, ಬಣ್ಣ ಕೊಟ್ಟು ಗೌರಿ, ಗರುಡ, ಮಾರುತಿಯರನ್ನು ಎಬ್ಬಿಸುತ್ತಾರೆ. ಆ ಕೈಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಪಾಕ ಹೊಯ್ದು ಬಿಳಿ ಬಿಳಿ ಸಕ್ಕರೆ ಗೊಂಬೆ ಮಾಡುತ್ತೇವೆ, ಆರತಿಯಾದ ಮೇಲೆ ತಿನ್ನುತ್ತೇವೆ. ನಿಜವಾದ ಕಪ್ಪು ಗೊಂಬೆ ಬರುವುದು ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ, ಮಣ್ಣೆತ್ತಿನ ಅಮಾವಾಸ್ಯೆಗೆ. ಎರೆಮಣ್ಣಿನ ಜೋಡೆತ್ತು. ಹತ್ತಿ, ಜೋಳ, ತೊಗರಿ ಎಲ್ಲ ಕೊಟ್ಟ ನೆಲದ ಬಣ್ಣವೇ ಎತ್ತಿನ ಬಣ್ಣ. ಅದನ್ನೂ ಪೇಟೆಯಲ್ಲಿ ಸುಣ್ಣ ಬಳಿದು ಮಾರುವುದನ್ನು ಕಂಡ ಮಾಸ್ತರರು, "ಎತ್ತಿಗೂ ವರ ನೋಡಾಕತ್ತಾರೇನೋ" ಅಂದರು.

ಮಾನ್ವಿಯಲ್ಲಿ ಕಪ್ಪು ಮನುಷ್ಯನ ಗೊಂಬೆ ಕಡೆಗೂ ಸಿಕ್ಕಿತು. ಬಸ್ ನಿಲ್ದಾಣದ ಹಿಂದೆ ಕಟ್ಟುತ್ತಿದ್ದ ಮೂರು ಅಂತಸ್ತಿನ ಮನೆಯ ಪಿಲ್ಲರಿಗೆ ನೇತುಹಾಕಿದ್ದರು: ಕರಿಮುಖ, ಗುಡ್ಡೆಗಣ್ಣು, ಕೋರೆಹಲ್ಲು, ಹೊರಚಾಚಿದ ಕೆಂಪು ನಾಲಗೆ, ಹುರಿಮೀಸೆ. ದೃಷ್ಟಿಗೊಂಬೆ. ಇಂಗ್ಲೆಂಡಿನ ಗಾಲಿವಾಗೂ ನಮ್ಮ ದೃಷ್ಟಿಗೊಂಬೆಯೂ ಒಬ್ಬರನ್ನೊಬ್ಬರು ಕಂಡವರಲ್ಲ, ಆದರೂ ಅಣ್ಣತಮ್ಮಂದಿರು. ನಮ್ಮವನ ಕೆಲಸ ಮಾತ್ರ ಹೆಚ್ಚು ಕಷ್ಟದ್ದು. ಮಳೆಯಲ್ಲಿ ನೆನೆದು ಬಿಸಿಲಲ್ಲಿ ಸೀಳಿ ಊರಿನವರ ಕೆಟ್ಟ ಕಣ್ಣನ್ನೆಲ್ಲ ಒಬ್ಬನೇ ನುಂಗಬೇಕು. ಗೃಹಪ್ರವೇಶದ ದಿನ ಅವನಿಗೆ ಆಮಂತ್ರಣವಿಲ್ಲ. ಕೂಸಿನ ಕೆನ್ನೆಯ ಮೇಲಿನ ಕರಿಬೊಟ್ಟು, ಕಾಲಿಗೆ ಕಟ್ಟಿದ ಕರಿದಾರ, ಎಲ್ಲಕ್ಕೂ ಇದೇ ನೌಕರಿ. ಕಾವಲಿಗೆ ಕಪ್ಪು ಬೇಕು, ಹಸೆಮಣೆಗೆ ಬೇಡ. ಮೇಸ್ತ್ರಿಗೆ ಹತ್ತಿಪ್ಪತ್ತು ಕೊಟ್ಟು ಹಳೆಯ ದೃಷ್ಟಿಗೊಂಬೆಯೊಂದನ್ನು ಮಾಸ್ತರರು ಇಳಿಸಿಕೊಂಡು ಬಂದರು. ಮನೆಯವರು ಅದನ್ನು ಮಾತ್ರ ಸಂತೋಷವಾಗಿ ಒಪ್ಪಿದರು. ಷೋಕೇಸಿಗಲ್ಲ, ಗೇಟಿಗೆ.

ಕರಿಯರ ಮುಖ ಬರೆಯುವ ಈ ವ್ಯವಹಾರ ದಖ್ಖನಿಗೆ ಹಳೆಯದು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಅಹಮದನಗರದ ಸರ್ವಾಧಿಕಾರಿಯಾಗಿ ಬೆಳೆದ ಮಲಿಕ್ ಅಂಬರ್ ಮೊಗಲ್ ಬಾದಶಹ ಜಹಾಂಗೀರನಿಗೆ ಜೀವಮಾನವಿಡೀ ಸಿಕ್ಕಲಿಲ್ಲ. ಸಿಕ್ಕದಿದ್ದರೆ ಏನಂತೆ? ಸುಮಾರು 1616ರಲ್ಲಿ ಆಸ್ಥಾನದ ಚಿತ್ರಗಾರ ಅಬುಲ್ ಹಸನ್, ಈಟಿಯ ತುದಿಗೆ ಸಿಕ್ಕಿಸಿದ ಅಂಬರನ ಕರೀ ತಲೆಗೆ ಬಾದಶಹ ಬಾಣ ಬಿಡುತ್ತಿರುವ ಚಿತ್ರ ಬರೆದುಕೊಟ್ಟ. ರಣದಲ್ಲಿ ಆಗದ್ದು ರಂಗಿನಲ್ಲಿ ಆಯಿತು. ಅಂಬರ್ ಇನ್ನೂ ಹತ್ತು ವರ್ಷ ಬದುಕಿ 1626ರಲ್ಲಿ, ತಲೆ ಭುಜದ ಮೇಲಿರುವಾಗಲೇ, ತೀರಿಕೊಂಡ.

ಇನ್ನೊಂದು ಚಿತ್ರ ನಮ್ಮ ಮಗ್ಗುಲಿನದು. ಸುಮಾರು 1645ರದು, ಬಿಜಾಪುರದ್ದು. ಮುಹಮ್ಮದ್ ಆದಿಲ್ ಶಾಹನ ಜೊತೆ ಒಂದೇ ಆನೆಯ ಮೇಲೆ ಅವನ ಹಬಶಿ, ಅಂದರೆ ಆಫ್ರಿಕಾ ಮೂಲದ, ಮಂತ್ರಿ ಇಖ್ಲಾಸ್ ಖಾನ್ ಕೂತಿದ್ದಾನೆ. ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬ ಚಿತ್ರಗಾರರು ಅವನನ್ನು ಇದ್ದ ಬಣ್ಣದಲ್ಲೇ, ಇದ್ದ ಗಾಂಭೀರ್ಯದಲ್ಲೇ ಬರೆದಿದ್ದಾರೆ. ಆಗ ರಾಯಚೂರು ಕೋಟೆ ಆ ಆನೆಯ ರಾಜ್ಯಕ್ಕೇ ಸೇರಿತ್ತು. ನಮ್ಮ ರೈತರು ಹತ್ತಿ ಹೇರಿಕೊಂಡು ಹೋಗುವ ಆದವಾನಿಯನ್ನು ಅದೇ ಶತಮಾನದ ಕೊನೆಭಾಗದಲ್ಲಿ ಆಳಿದವನು ಸಿದ್ದಿ ಮಸೂದ್, ಅವನೂ ಹಬಶಿಯೇ. ಅವನು ಕಟ್ಟಿಸಿದ ಜಾಮಿಯಾ ಮಸೀದಿ ಇನ್ನೂ ನಿಂತಿದೆ. 1948ರವರೆಗೆ ನಮ್ಮನ್ನಾಳಿದ ನಿಜಾಮನ ಅಂಗರಕ್ಷಕ ಕುದುರೆದಂಡು ಆಫ್ರಿಕನ್ನರದು, ಹೈದರಾಬಾದಿನ ಎ.ಸಿ. ಗಾರ್ಡ್ಸ್ ಬಡಾವಣೆಗೆ ಆ ದಂಡಿನದೇ ಹೆಸರು. ಅಂದರೆ ಕರಿಯರ ಎದುರು ಕೈಕಟ್ಟಿ ನಿಂತು ಸಲಾಮು ಹಾಕಿದ ಪೂರ್ವಜರು ನಮಗಿದ್ದಾರೆ. ಈ ಮಾತನ್ನು ಮಾಸ್ತರರು ಚಹಾದಂಗಡಿಯಲ್ಲಿ ಹೇಳಿದರೆ ಎದುರಿನವರು, "ಹೌದೇನ್ರಿ?" ಎಂದು ಬಿಸ್ಕೀಟು ಅದ್ದುತ್ತಾರೆ.

ಅದೂ ಬೇಡ, ದೇವರ ಕೋಣೆಗೇ ಬನ್ನಿ. ವಿಜಯದಾಸರು ಇದೇ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು, ಜಗನ್ನಾಥದಾಸರು ಬ್ಯಾಗವಾಟದವರು, ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು. ಮೂವರ ಅಂಕಿತದಲ್ಲೂ ವಿಠಲ. ಆ ವಿಠಲ ಪಂಢರಪುರದಲ್ಲಿ ಕರಿಕಲ್ಲಾಗಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ. ಅಷ್ಟು ಕೀರ್ತನೆ ಕೇಳಿದ ಊರಿನಲ್ಲಿ ಗೋಕುಲಾಷ್ಟಮಿಯ ಕೃಷ್ಣವೇಷಕ್ಕೆ ಯಾವ ಮಗುವಿನ ಮೈ ಎಲ್ಲಕ್ಕಿಂತ ಬೆಳ್ಳಗಿದೆಯೋ ಅದನ್ನೇ ಹುಡುಕುತ್ತೇವೆ, ಆಮೇಲೆ ನೀಲಿ ಬಳಿಯುತ್ತೇವೆ. ದೇವದುರ್ಗದವರು ಕರೆಮ್ಮ ಎಂಬ ಹೆಸರಿನವರನ್ನು 2023ರಲ್ಲಿ ವಿಧಾನಸಭೆಗೆ ಕಳಿಸಿದ್ದಾರೆ. ಆ ಹೆಸರು ಹೊತ್ತ ಅಜ್ಜಿಯರು ಮನೆಮನೆಯಲ್ಲಿದ್ದಾರೆ. ಮೊಮ್ಮಕ್ಕಳಿಗೆ ಇಡುವುದು ಮಾತ್ರ ಶ್ವೇತಾ, ಗೌರಿ.

ಈ ತಮಾಷೆ ತಮಾಷೆಯಾಗಿಯೇ ಉಳಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಸೋಲದೇವನಹಳ್ಳಿ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಹೆಂಗಸೊಬ್ಬರು ಸತ್ತರು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆದು, ಬಟ್ಟೆ ಹರಿದು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವಳಿಗೂ ಸಂಬಂಧವಿರಲಿಲ್ಲ. ಎರಡು ದೇಶಗಳ ನಡುವೆ ಎಷ್ಟು ದೂರವೆಂದು ಯಾರೂ ಕೇಳಲಿಲ್ಲ; ಬಣ್ಣ ನೋಡಿದ್ದೇ ಪಂಚನಾಮೆ.

ಹೊರಗಿನವರ ಮಾತು ಬಿಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನ, ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ಇಲ್ಲಿಯವರು. ಮನೆಯೊಳಗೆ ಕೊಂಕಣಿ, ಪೇಟೆಯಲ್ಲಿ ನಮ್ಮಷ್ಟೇ ಚೆನ್ನಾದ ಕನ್ನಡ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ, ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ಮೊದಲ ಸಲ ವಿಧಾನ ಪರಿಷತ್ತಿನ ಮೆಟ್ಟಿಲು ಹತ್ತಿದ್ದು 2020ರಲ್ಲಿ. ಹಳೆಯ ಬಟ್ಟೆಯ ತುಂಡು ಜೋಡಿಸಿ ಅವರ ಹೆಂಗಸರು ಹೊಲಿಯುವ ಕೌದಿಗಳನ್ನು ಹೊರದೇಶದವರು ಗೋಡೆಗೆ ತೂಗುಹಾಕುತ್ತಾರೆ. ಬೆಂಗಳೂರಿನ ಆಟೋದವನು ಮಾತ್ರ ಸಿದ್ದಿ ಹುಡುಗನನ್ನು ಕಂಡರೆ ಇಂಗ್ಲಿಷಿನಲ್ಲಿ ಯಾವ ದೇಶ ಎನ್ನುತ್ತಾನೆ. ಅವರನ್ನು ಹೋಲುವ ಗೊಂಬೆ ಕರ್ನಾಟಕದ ಯಾವ ಅಂಗಡಿಯಲ್ಲಿದೆ ಎಂದು ಮಾಸ್ತರರು ಇನ್ನೂ ಹುಡುಕುತ್ತಿದ್ದಾರೆ.

ಇಷ್ಟರಲ್ಲಿ ಅವರ ಸಂಗ್ರಹದ ಸುದ್ದಿ ಮೊಮ್ಮಗನ ಶಾಲೆಯನ್ನು ಮುಟ್ಟಿತು. ಇವನು ಇಲ್ಲಿಯ ಮಗನ ಮಗ, ನಾಲ್ಕನೇ ಕ್ಲಾಸು. ಗ್ಯಾದರಿಂಗಿನಲ್ಲಿ ಅವನ ತರಗತಿಗೆ ಆಫ್ರಿಕನ್ ಡ್ಯಾನ್ಸು. ಸೊಂಟಕ್ಕೆ ಹಸಿರು ಪ್ಲಾಸ್ಟಿಕ್ಕಿನ ಎಲೆ, ತಲೆಗೆ ಗರಿ, ಕೈಗೆ ಥರ್ಮಾಕೋಲಿನ ಎಲುಬು, ಬಾಯಲ್ಲಿ ಹೂಹೂ. ಭಾರತಮಾತೆಯ ಪಾತ್ರಕ್ಕೆ ಯಾರೆಂದು ಹೇಳಬೇಕಾಗಿಲ್ಲ. ತರಗತಿಯ ಅತ್ಯಂತ ಕೆಂಪನೆಯ ಹುಡುಗಿ ಜೂನಿನಲ್ಲೇ ಅವಿರೋಧವಾಗಿ ಆಯ್ಕೆಯಾಗಿದ್ದಳು. ಡ್ಯಾನ್ಸ್ ಕಲಿಸುವ ಟೀಚರು ಮನೆಗೇ ಬಂದರು. "ಸಾರ್, ನಿಮ್ಮಲ್ಲಿ ಆಫ್ರಿಕಾ ಗೊಂಬಿ ಅದಂತ. ಮೇಕಪ್ ಮಾಡಾವ್ರಿಗಿ ಶೇಡ್ ತೋರ್ಸಾಕ ಬೇಕಾಗಿತ್ತು."

ಮಾಸ್ತರರಿ‍ಗೆ ಮೂವತ್ತು ವರ್ಷ ಪಾಠ ಹೇಳಿದ ಚಟ. ಟೀಚರನ್ನು ಕೂರಿಸಿ, ಚಹಾ ಕೊಟ್ಟು, ಗಾಲಿವಾಗಿನಿಂದ ಹಿಡಿದು ಇಖ್ಲಾಸ್ ಖಾನನವರೆಗೆ ಎಲ್ಲ ಹೇಳಿದರು. ಆಫ್ರಿಕಾ ಒಂದು ಊರಲ್ಲ, ಐವತ್ತಕ್ಕೂ ಹೆಚ್ಚು ದೇಶಗಳ ಖಂಡ ಎಂದರು. ಎಲುಬು ಬಿಡಿ, ಸಿದ್ದಿಗಳ ಡಮಾಮಿ ಕುಣಿತ ಕಲಿಸಿ, ನಮ್ಮ ರಾಜ್ಯದ್ದೇ, ಮುಖಕ್ಕೆ ಮಸಿ ಬೇಕಿಲ್ಲ ಎಂದರು. ಟೀಚರು ಪೂರ್ತಿ ಕೇಳಿ, ಮನಸ್ಸಿಗೆ ತಟ್ಟಿದಂತೆ ತಲೆಯಾಡಿಸಿ, "ಭಾಳ ಚಲೋ ಹೇಳಿದ್ರಿ ಸಾರ್, ಆಂಕರಿಂಗ್‌ನ್ಯಾಗ ಎರಡು ಲೈನ್ ಹಾಕ್ಕೋತೀವಿ" ಎಂದು ಎದ್ದರು.

ಎರಡು ದಿನ ಬಿಟ್ಟು ಮೊಮ್ಮಗನ ಡೈರಿಯಲ್ಲಿ ಪಿನ್ನು ಹೊಡೆದ ಚೀಟಿ ಬಂತು, ಜೊತೆಗೆ ಮಡಚಿದ ಒಂದು ನೋಟು: "ಆಫ್ರಿಕನ್ ಡ್ಯಾನ್ಸ್, ಡ್ರೆಸ್ ಮತ್ತು ಮೇಕಪ್ ಸೇರಿ ರೂ. 300. ನಿಮ್ಮ ಮಗುವಿಗೆ ಬಣ್ಣದ ಅವಶ್ಯಕತೆ ಇಲ್ಲದ ಕಾರಣ ರೂ. 50 ಹಿಂದಿರುಗಿಸಲಾಗಿದೆ. ಪಾಲಕರು ಸಹಿ ಮಾಡಿ ಕಳಿಸುವುದು."